ಮೂರನೇ ಪಿನ್ನು

ಡಿಜೆ ಇರುವ ಯಾವುದಾದರೂ ಫಂಕ್ಷನ್ನಿಗೆ ಸ್ವಲ್ಪ ಬೇಗ ಹೋಗಿ ನೋಡಿ. ಹಾಡು ಇನ್ನೂ ಶುರುವಾಗಿರೋದಿಲ್ಲ, ಸ್ಪೀಕರ್ ಮಾತ್ರ ಆನ್ ಆಗಿರುತ್ತೆ. ಆಗ ಹಾಲಿನ ತುಂಬ ಒಂದು ಸದ್ದು ಕೂತಿರುತ್ತೆ. 'ಹ್ಮ್‌ಮ್‌ಮ್' ಅಂತ, ಹೆಜ್ಜೇನಿನ ಗೂಡಿನ ಪಕ್ಕ ನಿಂತ ಹಾಗೆ. ಹಾಡು ಬಂದ ಕೂಡಲೇ ಅದರಡಿ ಮುಚ್ಚಿಹೋಗುತ್ತೆ. ಮತ್ತೆ ಎರಡು ಹಾಡುಗಳ ನಡುವೆ, ಅಥವಾ ಹುಡುಗಿಯ ಅಪ್ಪ ಮೈಕ್ ಹಿಡಿದು ನಾಲ್ಕು ಮಾತಾಡೋಕೆ ಗಂಟಲು ಸರಿ ಮಾಡಿಕೊಳ್ಳುವಾಗ, ತಲೆ ಎತ್ತುತ್ತೆ.

ಈ ಸದ್ದನ್ನು ನಿಲ್ಲಿಸೋಕೆ ಎರಡು ದಾರಿಗಳಿವೆ. ಒಂದಕ್ಕೆ ಮುಕ್ಕಾಲು ಗಂಟೆ ಸಮಯ, ಒಂದಷ್ಟು ಕೇಬಲ್ಲು ಮತ್ತು ತಾಳ್ಮೆ ಬೇಕು. ಇನ್ನೊಂದಕ್ಕೆ ಒಂದು ಕಟಿಂಗ್ ಪ್ಲೇಯರ್ ಮತ್ತು ಹತ್ತು ಸೆಕೆಂಡ್ ಸಾಕು: ಪ್ಲಗ್ಗಿನ ಮೂರನೇ ಪಿನ್ನನ್ನು ಮುರಿದುಬಿಡೋದು. ಎರಡೂ ದಾರಿಯಲ್ಲಿ ಸದ್ದು ನಿಲ್ಲುತ್ತೆ. ಕುಣಿಯೋಕೆ ಬಂದವರ ಕಿವಿಗೆ ಎರಡರ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸ ಇರೋದಿಲ್ಲ. ಹಾಗಾದರೆ ಮುಕ್ಕಾಲು ಗಂಟೆಯ ದಾರಿಯನ್ನು ಯಾರಾದರೂ ಯಾಕೆ ಹಿಡಿಯಬೇಕು? ಇವತ್ತಿನ ಬರಹ ಈ ಒಂದು ಪ್ರಶ್ನೆಯ ಸುತ್ತ.

ನಾನು ಸೌಂಡ್ ಇಂಜಿನಿಯರ್ ಅಲ್ಲ. ಬಿಇ ಓದಿದ್ದು ಎಲೆಕ್ಟ್ರಾನಿಕ್ಸು, ಹೊಟ್ಟೆಪಾಡು ಸಾಫ್ಟ್‌ವೇರು. ನಮ್ಮ ಬ್ಯಾಚಿನ ಮುಕ್ಕಾಲು ಜನರ ಕತೆ ಇದೇ. ಆದರೆ ನನ್ನ ಹಳೇ ರೂಮ್‌ಮೇಟ್ ಒಬ್ಬ ಇದ್ದಾನೆ. ಸೋಮವಾರದಿಂದ ಶುಕ್ರವಾರದವರೆಗೆ ಟೆಸ್ಟಿಂಗ್, ಶನಿವಾರ ಭಾನುವಾರ ಡಿಜೆ. ಅವನ ಕಾರಿನಲ್ಲಿ ಜಾಗ ಇದ್ದರೆ ನಾನೂ ಹತ್ತಿಕೊಳ್ತೀನಿ. ಕೇಬಲ್ ಸುತ್ತೋದು, ಟೇಪ್ ಅಂಟಿಸೋದು, ಕೊನೆಗೆ ಊಟ. ಹೀಗೆ ಬೆಂಗಳೂರಿನ ಸುತ್ತಮುತ್ತಲಿನ ಸುಮಾರು ಕಲ್ಯಾಣ ಮಂಟಪಗಳ, ಕ್ಲಬ್ಬುಗಳ, ಪಾರ್ಟಿ ಹಾಲುಗಳ ಸ್ವಿಚ್‌ಬೋರ್ಡುಗಳನ್ನು ಮೊಣಕಾಲೂರಿ ನೋಡಿದ್ದೀನಿ.

ಮೊದಲು ಆ ಸದ್ದು ಎಲ್ಲಿಂದ ಬರುತ್ತೆ ಅಂತ ನೋಡೋಣ. ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟ್, ಸೆಕೆಂಡಿಗೆ 50 ಆವರ್ತ. ಈ 50 ಹರ್ಟ್ಸ್ ಮತ್ತು ಅದರ ಮಡಿಗಳಾದ 100, 150 ಹರ್ಟ್ಸ್ ನಮ್ಮ ಕಿವಿಗೆ ಕೇಳುವ ವ್ಯಾಪ್ತಿಯಲ್ಲೇ ಇವೆ. ಕರೆಂಟು ತನ್ನ ತಂತಿಯಲ್ಲೇ ಓಡಾಡಿಕೊಂಡಿದ್ದರೆ ನಮಗೆ ಕೇಳೋದಿಲ್ಲ. ಹಾಡು ಹೋಗಬೇಕಾದ ತಂತಿಗೆ ಅದು ನುಸುಳಿದರೆ ಸ್ಪೀಕರ್ ಅದನ್ನೂ ಹಾಡು ಅಂತಲೇ ತಿಳಿದು ಬಾರಿಸುತ್ತೆ. ಸ್ಪೀಕರಿಗೇನು ಗೊತ್ತು ಪಾಪ!

ಎಲ್ಲ ಗಲಾಟೆಯೂ ಒಂದೇ ಥರ ಇರೋದಿಲ್ಲ. ಕಿವಿ ಪಳಗಿದವರು ಸದ್ದು ಕೇಳಿಯೇ ಅದರ ಊರು ಹೇಳ್ತಾರೆ. ಸ್ಪೀಕರ್ ಪಕ್ಕ ಮೊಬೈಲ್ ಇಟ್ಟಾಗ 'ಟಿಟಿಟಿಕ್ ಟಿಟಿಟಿಕ್' ಅಂತ ಬರ್ತಿತ್ತಲ್ಲ, ಅದು ಜಿಎಸ್‌ಎಂ ಫೋನು ಸೆಕೆಂಡಿಗೆ ಸುಮಾರು 217 ಸಲ ತುಂಡು ತುಂಡಾಗಿ ಸಿಗ್ನಲ್ ಕಳಿಸುವ ಸದ್ದು. ಸ್ಟೇಜ್ ಲೈಟಿನ ಡಿಮ್ಮರ್ ಕರೆಂಟಿನ ಅಲೆಯನ್ನು ಅರ್ಧಕ್ಕೇ ಕತ್ತರಿಸುವುದರಿಂದ ಅದರದ್ದು ಚೂಪಾದ 'ಝ್ಝ್ಝ್'. ಲೈಟನ್ನು ಮಂದ ಮಾಡಿದಾಗ ಆ ಝೇಂಕಾರ ಬದಲಾದರೆ ಕಳ್ಳ ಸಿಕ್ಕ ಹಾಗೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ಕೂಡಲೇ ನಿಂತರೆ ಅದು ಚಾರ್ಜರಿಂದು. ದುಂಡಗೆ, ದಪ್ಪಗೆ, ಒಂದೇ ಸಮ ಕೂತಿರುವ 'ಹ್ಮ್' ಇದೆಯಲ್ಲ, ಅದು ಹೆಚ್ಚಾಗಿ ಅರ್ಥಿಂಗ್‌ಗೆ ಸಂಬಂಧಪಟ್ಟಿದ್ದು.

ಗೆಳೆಯ ಹುಡುಕುವ ಕ್ರಮ ನಮ್ಮ ಡೀಬಗ್ಗಿಂಗ್ ಥರವೇ. ಎಲ್ಲ ಕಿತ್ತುಹಾಕಿ, ಒಂದೊಂದಾಗಿ ಜೋಡಿಸಿ, ಯಾವುದು ಸೇರಿದಾಗ ಸದ್ದು ಬಂತು ಅಂತ ಕೇಳೋದು. ಹಾಲಿನವರಿಗೆ ಇದು ಅರ್ಥ ಆಗೋದಿಲ್ಲ. ಸದ್ದು ಸ್ಪೀಕರಿಂದ ಬರ್ತಿದೆ, ಅಂದಮೇಲೆ ಸ್ಪೀಕರ್ ಬದಲಾಯಿಸಿ ಅಂತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಹಾಡು ಸಾಗಿಸುವ ಕೇಬಲ್ಲಿನಲ್ಲಿ ಎರಡು ಜಾತಿ. ಆರ್‌ಸಿಎ ಅನ್ನೋ ಸಣ್ಣ ಕೇಬಲ್ಲಿನಲ್ಲಿ ಒಳಗೊಂದು ತಂತಿ, ಅದರ ಸುತ್ತ ಹೆಣೆದ ಲೋಹದ ಕವಚ. ಆ ಕವಚ ಎರಡು ಕೆಲಸ ಮಾಡುತ್ತೆ: ಹೊರಗಿನ ಗಲಾಟೆ ತಡೆಯೋದು, ಜೊತೆಗೆ ಸಿಗ್ನಲ್ಲಿಗೆ ವಾಪಸ್ ಬರುವ ದಾರಿ ಆಗೋದು. ಕವಚದಲ್ಲಿ ಬೇರೆ ಕರೆಂಟು ಹರಿದರೆ ಅದು ನೇರವಾಗಿ ಹಾಡಿಗೆ ಸೇರಿಕೊಳ್ಳುತ್ತೆ. ಎಕ್ಸ್‌ಎಲ್‌ಆರ್ ಅನ್ನೋ ಮೂರು ಕಾಲಿನ ಕೇಬಲ್ಲಿನಲ್ಲಿ ಸಿಗ್ನಲ್ಲಿಗೇ ಎರಡು ತಂತಿ, ಎರಡರಲ್ಲಿ ಒಂದೇ ಹಾಡು ಉಲ್ಟಾ ಪಲ್ಟಾ ಆಗಿ ಹೋಗುತ್ತೆ. ದಾರಿಯಲ್ಲಿ ಸೇರಿದ ಗಲಾಟೆ ಮಾತ್ರ ಎರಡರಲ್ಲೂ ಒಂದೇ ರೀತಿ ಇರುತ್ತೆ. ಆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಗಲಾಟೆ ಸೊನ್ನೆ, ಹಾಡು ದುಪ್ಪಟ್ಟು. ಇದರ ಅಜ್ಜ ಟೆಲಿಫೋನಿನ ಕಾಲದವನು. ಎರಡು ತಂತಿಗಳನ್ನು ಹುರಿ ಹೊಸೆದ ಹಾಗೆ ಹೊಸೆದರೆ ಅಕ್ಕಪಕ್ಕದ ಗಲಾಟೆ ಕಡಿಮೆಯಾಗುತ್ತೆ ಅನ್ನೋದಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ತಗೊಂಡಿದ್ದ. ನಿಮ್ಮ ಆಫೀಸಿನ ನೆಟ್‌ವರ್ಕ್ ಕೇಬಲ್ ಸುಲಿದು ನೋಡಿದರೆ ಇವತ್ತಿಗೂ ಅದೇ ಹುರಿ.

ಇನ್ನು ಮೂರನೇ ಪಿನ್ನಿನ ವಿಷಯ. ನಿಮ್ಮ ಮನೆಯ ಯಾವುದಾದರೂ ಮೂರು ಪಿನ್ನಿನ ಪ್ಲಗ್ ಕೈಗೆ ತಗೊಳ್ಳಿ. ಮೇಲಿನದು ಉಳಿದೆರಡಕ್ಕಿಂತ ಉದ್ದ, ಮತ್ತು ದಪ್ಪ. ಉದ್ದ ಯಾಕೆ ಅಂದ್ರೆ, ಪ್ಲಗ್ ಹಾಕುವಾಗ ಅದೇ ಮೊದಲು ತಗುಲಬೇಕು, ತೆಗೆಯುವಾಗ ಅದೇ ಕೊನೆಗೆ ಬಿಡಬೇಕು. ಕರೆಂಟು ಬರುವ ಮುಂಚೆ ಕಾವಲು ಬರಬೇಕು, ಕರೆಂಟು ಹೋದ ಮೇಲೆ ಕಾವಲು ಹೋಗಬೇಕು. ದಪ್ಪ ಯಾಕೆ ಅಂದ್ರೆ, ಅದು ತಪ್ಪಿಯೂ ಫೇಸಿನ ತೂತಿಗೆ ಹೋಗಬಾರದು. ಇಷ್ಟು ಯೋಚಿಸಿ ಮಾಡಿದ ಪಿನ್ನು ದಿನನಿತ್ಯದಲ್ಲಿ ಮಾಡುವ ಕೆಲಸ ಏನು? ಏನೂ ಇಲ್ಲ. ಅದಿಲ್ಲದೆಯೂ ಮಿಕ್ಸಿ ತಿರುಗುತ್ತೆ, ಫ್ರಿಜ್ ತಣ್ಣಗಿರುತ್ತೆ, ಡಿಜೆ ಹಾಡುತ್ತೆ. ಒಳಗೆಲ್ಲೋ ಇನ್ಸುಲೇಷನ್ ಕಿತ್ತುಹೋಗಿ ಫೇಸ್ ತಂತಿ ಲೋಹದ ಮೈಗೆ ತಗುಲಿದ ಒಂದು ದಿನ ಮಾತ್ರ ಅದಕ್ಕೆ ಕೆಲಸ. ಆ ಕರೆಂಟನ್ನು ಮನುಷ್ಯನ ಮೈಗೆ ಬಿಡದೆ ತಾನೇ ಹೊತ್ತು ನೆಲಕ್ಕೆ ಹಾಕೋದು, ಫ್ಯೂಸ್ ಹಾರಿಸೋದು.

ನಮ್ಮೂರಲ್ಲಿ ಇದನ್ನು ಯಾರೂ ಪಾಠ ಮಾಡಿ ಹೇಳಲಿಲ್ಲ. ಪಂಪ್‌ಹೌಸ್ ಪಕ್ಕ ಒಂದು ಗುಂಡಿ ಇತ್ತು. ಒಳಗೆ ಜಿಐ ಪೈಪು, ಸುತ್ತ ಇದ್ದಿಲು, ಉಪ್ಪು, ಮೇಲೆ ಮಣ್ಣು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಹಾಗೆ ಅಪ್ಪ ವಾರಕ್ಕೊಮ್ಮೆ ಎರಡು ಕೊಡ ನೀರು ಅದಕ್ಕೆ ಹಾಕಿಸುತ್ತಿದ್ದರು. ಗಿಡವಿಲ್ಲ, ಬಳ್ಳಿಯಿಲ್ಲ, ಬರೀ ನೆಲಕ್ಕೆ ನೀರು, ಅದೂ ಬೇಸಿಗೆಯಲ್ಲಿ. ಯಾಕೆ ಅಂದ್ರೆ, 'ಮೋಟ್ರಿಗೂ ಬಾಯಾರಿಕೆ ಆಗುತ್ತೆ ಕಣೋ' ಅನ್ನೋರು. ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಒಯ್ಯೋದಿಲ್ಲ, ತೇವ ಮತ್ತು ಉಪ್ಪು ಇದ್ದರೆ ಒಯ್ಯುತ್ತೆ ಅಂತ ನನಗೆ ಗೊತ್ತಾಗಿದ್ದು ಇಂಜಿನಿಯರಿಂಗ್ ಸೇರಿದ ಮೇಲೆ. ಭಾರತದಲ್ಲಿ ಅರ್ಥಿಂಗ್ ಹೇಗಿರಬೇಕು ಅನ್ನೋದಕ್ಕೆ ಐಎಸ್ 3043 ಅನ್ನೋ ಸಂಹಿತೆಯೇ ಇದೆ. ಅಪ್ಪನ ಹತ್ತಿರ ಇದ್ದಿದ್ದು ಎರಡು ಕೊಡ ಅಷ್ಟೇ. ಆ ಮೋಟ್ರಿನಿಂದ ಯಾರಿಗೂ ಶಾಕ್ ಹೊಡೆಯಲಿಲ್ಲ. ಅದು ನೀರು ಹಾಕಿದ್ದರಿಂದಲೋ, ಹಾಕದಿದ್ದರೂ ಹಾಗೇ ಇರುತ್ತಿತ್ತೋ, ಈಗ ಸಾಬೀತು ಮಾಡೋಕೆ ಸಾಧ್ಯವೇ ಇಲ್ಲ.

ಸಾಬೀತು ಮಾಡೋಕಾಗದ ಈ ಗುಣವೇ ಎಲ್ಲ ತಕರಾರಿನ ಬೇರು ಅನ್ಸುತ್ತೆ. ಹೋದ ವರ್ಷ ನೋಡಿದ ಒಂದು ಘಟನೆ ಹೇಳ್ತೀನಿ.

ಊರ ಹೊರಗಿನ ಒಂದು ಪಾರ್ಟಿ ಹಾಲು, ಸಂಜೆ ಏಳಕ್ಕೆ ರಿಸೆಪ್ಷನ್. ಸೌಂಡ್ ಕನ್ಸೋಲು ಮತ್ತು ಆಂಪ್ಲಿಫೈಯರು ಹಾಲಿನ ಒಂದು ಬದಿಯಲ್ಲಿ, ಅಲ್ಲಿಯ ಗೋಡೆಯ ಸಾಕೆಟ್ಟಿಗೆ. ಡಿಜೆ ಟೇಬಲ್ಲು ಸ್ಟೇಜ್ ಮೇಲೆ, ಸ್ಟೇಜಿನ ಸಾಕೆಟ್ಟಿಗೆ. ಮಿಕ್ಸರು, ಲ್ಯಾಪ್‌ಟಾಪು, ಎಲ್‌ಇಡಿ ಲೈಟುಗಳು ಎಲ್ಲಾ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ. ಎರಡರ ನಡುವೆ ಹಾಲಿನವರೇ ಎಳೆದಿಟ್ಟಿದ್ದ ಉದ್ದನೆಯ ಆರ್‌ಸಿಎ ಕೇಬಲ್ಲು. ಆನ್ ಮಾಡಿದರೆ ಹ್ಮ್, ಅದೂ ಎದೆಗೆ ಒತ್ತುವಷ್ಟು. ಆರೂ ಕಾಲಾಗಿತ್ತು. ಈವೆಂಟ್ ಮ್ಯಾನೇಜರ್ ಗಡಿಯಾರ ನೋಡುತ್ತಾ ನಿಂತಿದ್ದ.

ಹಾಲಿನ ಎಲೆಕ್ಟ್ರಿಷಿಯನ್ ಬಂದ. ನಲವತ್ತೈದು ದಾಟಿದ ಮನುಷ್ಯ, ಕೈಯಲ್ಲಿ ಪ್ಲೇಯರ್. ಸದ್ದು ಕೇಳಿದವನೇ ನೇರ ಕನ್ಸೋಲಿನ ಪ್ಲಗ್ಗಿಗೆ ಕೈ ಹಾಕಿ, 'ಈ ಅರ್ಥ್ ಪಿನ್ ತೆಗೆದ್ಬಿಡೋಣ ಸಾರ್, ಎಲ್ಲಾ ಕಡೆ ಹಂಗೇ ಮಾಡೋದು' ಅಂದ. ಗೆಳೆಯ ಬೇಡ ಅಂದ. ಅಲ್ಲಿಂದ ನಡೆದ ವಾದ ನನಗೆ ಇವತ್ತಿಗೂ ನೆನಪಿದೆ, ಯಾಕಂದ್ರೆ ಎಲೆಕ್ಟ್ರಿಷಿಯನ್ ಹೇಳಿದ್ದೆಲ್ಲ ಬಲವಾದ ಮಾತುಗಳೇ. ಒಂದು, 'ಹದಿನೈದು ವರ್ಷದಿಂದ ಮಾಡ್ತಿದೀನಿ, ಯಾರಿಗೂ ಏನೂ ಆಗಿಲ್ಲ.' ಎರಡು, 'ಮುನ್ನೂರು ಜನ ಬರ್ತಾವ್ರೆ, ಅವರ ಸಂತೋಷ ಮುಖ್ಯವೋ ನಿಮ್ಮ ಪಿನ್ ಮುಖ್ಯವೋ?' ಮೂರನೆಯದು ಎಲ್ಲಕ್ಕಿಂತ ಗಟ್ಟಿ: 'ಅರ್ಥ್ ಅರ್ಥ್ ಅಂತೀರಲ್ಲ, ಈ ಬಿಲ್ಡಿಂಗಲ್ಲಿ ಅರ್ಥ್ ಸರಿಯಾಗಿ ಇದೆಯಾ ಮೊದ್ಲು? ಇಲ್ಲದ ಅರ್ಥ್‌ಗೆ ಪಿನ್ ಯಾಕೆ?'

ಈ ಮೂರನೆಯ ಪ್ರಶ್ನೆ ಕರೆಂಟಿಗಷ್ಟೇ ಸೇರಿದ್ದಲ್ಲ. ವ್ಯವಸ್ಥೆಯೇ ಟೊಳ್ಳಾಗಿರುವಾಗ ನಾನೊಬ್ಬ ನಿಯಮ ಪಾಲಿಸಿ ಏನು ಉಪಯೋಗ? ಯಾರೂ ನಿಲ್ಲದ ಸಿಗ್ನಲ್ಲಿನಲ್ಲಿ ನಾನೊಬ್ಬ ನಿಂತರೆ ಹಿಂದಿನವನು ಹಾರನ್ ಹೊಡೀತಾನೆ, ಅಷ್ಟೇ. ನಮ್ಮ ವಯಸ್ಸಿನವರು ದಿನಕ್ಕೆ ನಾಲ್ಕು ಸಲ ತಮಗೆ ತಾವೇ ಹೇಳಿಕೊಳ್ಳುವ ವಾದ ಇದು.

ಗೆಳೆಯ ಸಿದ್ಧಾಂತ ಮಾತಾಡಲಿಲ್ಲ. 'ಇದೆಯಾ ಇಲ್ವಾ ನೋಡೇಬಿಡೋಣ' ಅಂದ. ಎಲೆಕ್ಟ್ರಿಷಿಯನ್ ಹೋಲ್ಡರಿಗೆ ಹಾಕಿದ ನೂರು ವ್ಯಾಟಿನ ಟೆಸ್ಟ್ ಬಲ್ಬು ತಂದ. ಫೇಸಿಗೂ ಅರ್ಥ್‌ಗೂ ನಡುವೆ ಅದನ್ನು ಹಿಡಿದು ನೋಡೋದು ನಮ್ಮ ಕಡೆಯ ಹಳೇ ಪದ್ಧತಿ. ಆರ್‌ಸಿಸಿಬಿ ಇರುವ ಕಡೆ ಅದು ಟ್ರಿಪ್ ಆಗಿಬಿಡುತ್ತೆ, ಅಲ್ಲಿ ಅದು ಇರಲಿಲ್ಲ. ದಯವಿಟ್ಟು ನೀವು ಮನೆಯಲ್ಲಿ ಇದನ್ನು ಮಾಡಬೇಡಿ, ಅದು ಬಲ್ಲವರ ಕೆಲಸ. ಕನ್ಸೋಲಿನ ಸಾಕೆಟ್ಟಿನಲ್ಲಿ ಬಲ್ಬು ಝಗ್ಗಂತ ಉರಿಯಿತು. ಅಲ್ಲಿ ಅರ್ಥ್ ಇದೆ. ಸ್ಟೇಜಿನ ಸಾಕೆಟ್ಟಿನಲ್ಲಿ ಮಿಣುಕು ಕೂಡ ಇಲ್ಲ. ಅಲ್ಲಿ ಮೂರನೇ ತೂತು ಬರೀ ತೂತು.

ಈಗ ಸದ್ದಿನ ಕತೆ ಪೂರ್ತಿಯಾಯಿತು. ಚಾರ್ಜರು, ಎಲ್‌ಇಡಿ ಲೈಟು ಇಂಥವುಗಳ ಪವರ್ ಸಪ್ಲೈ ಒಳಗೆ ಗಲಾಟೆ ಸೋಸುವ ಸಣ್ಣ ಕೆಪಾಸಿಟರುಗಳಿರುತ್ತವೆ. ಅವು ಒಂಚೂರು ಕರೆಂಟನ್ನು ಅರ್ಥ್ ಕಡೆಗೆ ಸೋರಿಸುತ್ತವೆ. ಅದು ದೋಷವಲ್ಲ, ವಿನ್ಯಾಸವೇ ಹಾಗೆ. ಲೋಹದ ಮೈಯಿನ ಲ್ಯಾಪ್‌ಟಾಪನ್ನು ಎರಡು ಪಿನ್ನಿನ ಚಾರ್ಜರಿಗೆ ಹಾಕಿ ಸವರಿದಾಗ ಜುಮ್ ಅನ್ನುತ್ತಲ್ಲ, ಅದೇ ಸೋರಿಕೆ. ಸ್ಟೇಜ್ ಮೇಲಿನ ಅಷ್ಟೂ ಸಾಮಾನುಗಳ ಸೋರಿಕೆ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಒಂದಾಗಿ, ನೆಲಕ್ಕೆ ಹೋಗಲು ದಾರಿ ಹುಡುಕುತ್ತಿತ್ತು. ಸ್ಟೇಜಿನ ಸಾಕೆಟ್ಟಿನಲ್ಲಿ ದಾರಿ ಇಲ್ಲ. ಸಿಕ್ಕಿದ ಒಂದೇ ದಾರಿ ಅಂದ್ರೆ ಹಾಡಿನ ಕೇಬಲ್ಲಿನ ಕವಚ, ಅಲ್ಲಿಂದ ಕನ್ಸೋಲು, ಕನ್ಸೋಲಿನ ಮೂರನೇ ಪಿನ್ನು, ನೆಲ. ಹಾಡಿನ ಕೇಬಲ್ಲಿನಲ್ಲಿ ಆ ಕರೆಂಟು ನಡೆದುಹೋಗುವ ಹೆಜ್ಜೆ ಸದ್ದೇ ನಮಗೆ ಕೇಳಿಸುತ್ತಿದ್ದ ಹ್ಮ್.

ಕನ್ಸೋಲಿನ ಪಿನ್ ಮುರಿದಿದ್ದರೆ ಏನಾಗುತ್ತಿತ್ತು? ಆ ದಾರಿಯೂ ಮುಚ್ಚಿ, ಹರಿಯೋಕೆ ಎಲ್ಲೂ ಜಾಗವಿಲ್ಲದೆ ಕರೆಂಟು ನಿಂತು, ಸದ್ದು ಅಡಗುತ್ತಿತ್ತು. ಮ್ಯಾನೇಜರ್ ಬೆನ್ನು ತಟ್ಟುತ್ತಿದ್ದ. ಇಡೀ ಸೆಟ್ಟಿಗೆ ಇದ್ದ ಒಂದೇ ಒಂದು ಅರ್ಥ್ ಹೋಗಿರುತ್ತಿತ್ತು. ಆಮೇಲೆ ಯಾವುದಾದರೂ ಒಂದು ಲೈಟಿನ ಒಳಗೆ ಫೇಸ್ ತಂತಿ ಮೈಗೆ ತಗುಲಿದರೆ ಸಾಕು. ಮಿಕ್ಸರು, ಕನ್ಸೋಲು, ಕನ್ಸೋಲಿಗೆ ವೈರಿನಿಂದ ಸೇರಿದ ಮೈಕು ಎಲ್ಲದರ ಮೈಮೇಲೂ 230 ವೋಲ್ಟ್. ಫ್ಯೂಸ್ ಹಾರೋದಿಲ್ಲ, ಯಾಕಂದ್ರೆ ಕರೆಂಟು ಹರಿಯುತ್ತಲೇ ಇಲ್ಲ. ಒಂದು ಕೈಯಲ್ಲಿ ಆ ಮೈಕು ಹಿಡಿದು ಇನ್ನೊಂದು ಕೈಯಲ್ಲಿ ಕಬ್ಬಿಣದ ಕಂಬ ಹಿಡಿದ ಮೊದಲ ಮನುಷ್ಯನ ಮೂಲಕ ಅದು ಹರಿಯುತ್ತೆ.

ಇದೇನು ಬರೀ ಹೆದರಿಕೆಯ ಮಾತಲ್ಲ. 1972ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸೀ ಊರಿನ ವೇದಿಕೆಯಲ್ಲಿ 'ಸ್ಟೋನ್ ದ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ ಅರ್ಥ್ ಸರಿಯಿಲ್ಲದ ಮೈಕು ಮುಟ್ಟಿ ಪ್ರೇಕ್ಷಕರ ಎದುರೇ ತೀರಿಕೊಂಡ. ಇನ್ನೂ 27ರ ಹುಡುಗ. 'ಯಾರ್ಡ್‌ಬರ್ಡ್ಸ್' ತಂಡದ ಗಾಯಕನಾಗಿದ್ದ ಕೀತ್ ರೆಲ್ಫ್ 1976ರಲ್ಲಿ ತನ್ನ ಮನೆಯಲ್ಲೇ, ಅರ್ಥ್ ಸರಿಯಿಲ್ಲದ ಗಿಟಾರ್ ನುಡಿಸುವಾಗ ಸತ್ತ. ಮನುಷ್ಯನ ಎದೆಗೆ ಎಷ್ಟು ಕರೆಂಟು ಸಾಕು ಗೊತ್ತಾ? ಹತ್ತು ಮಿಲಿ ಆಂಪಿಯರ್ ಆಸುಪಾಸಿನಲ್ಲೇ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡೋಕೆ ಆಗೋದಿಲ್ಲ. ನೂರು ಮಿಲಿ ಆಂಪಿಯರ್ ಹೃದಯದ ಲಯವನ್ನೇ ಕೆಡಿಸಬಲ್ಲದು. ಹಿಡಿದದ್ದನ್ನು ಬಿಡೋಕೆ ಆಗದ ಆ ಮಿತಿಯನ್ನು ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ ಅಳೆದವರಲ್ಲಿ ಮುಖ್ಯರಾದ ಬರ್ಕ್ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್‌ಜಿಯಲ್, 1960ರ ದಶಕದಲ್ಲಿ ಸೋರಿಕೆ ಕಂಡ ಕೂಡಲೇ ಕರೆಂಟು ಕಡಿಯುವ ಸಾಧನವನ್ನೂ ರೂಪಿಸಿದರು. ನಮ್ಮ ಮನೆಗಳ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಅದೇ ವಂಶದ್ದು. ಆದರೆ ಒಂದು ಸೂಕ್ಷ್ಮ ಇದೆ. ಅರ್ಥ್ ಇದ್ದರೆ ದೋಷ ಆದ ಕ್ಷಣವೇ ಸೋರಿಕೆ ಹರಿದು ಅದು ಟ್ರಿಪ್ ಆಗುತ್ತೆ. ಅರ್ಥ್ ಇಲ್ಲದಿದ್ದರೆ ಯಾರಾದರೂ ಬಂದು ಮುಟ್ಟುವವರೆಗೆ ಅದೂ ಕಾಯುತ್ತಾ ಕೂರಬೇಕು.

ಈಗ ಎಲೆಕ್ಟ್ರಿಷಿಯನ್ನನ ವಾದಗಳಿಗೆ ಬರೋಣ. 'ಹದಿನೈದು ವರ್ಷದಲ್ಲಿ ಏನೂ ಆಗಿಲ್ಲ.' ಇದು ನಿಜ ಅಂತಲೇ ಇಟ್ಟುಕೊಳ್ಳೋಣ. ಇಬ್ಬರು ಎಲೆಕ್ಟ್ರಿಷಿಯನ್ನರು ಒಂದೇ ರಾತ್ರಿ ಬೇರೆ ಬೇರೆ ಹಾಲಿನಲ್ಲಿ ಪಿನ್ ಮುರಿದರು ಅನ್ನಿ. ಒಂದು ಕಡೆ ಎಲ್ಲ ಕುಣಿದು ಮನೆಗೆ ಹೋದರು. ಇನ್ನೊಂದು ಕಡೆ ಒಬ್ಬ ಸತ್ತ. ಎರಡನೆಯವನನ್ನು ನಾವು ಕೊಲೆಗಾರ ಅಂತೀವಿ, ಮೊದಲನೆಯವನಿಗೆ ಟಿಪ್ಸ್ ಕೊಡ್ತೀವಿ. ಮಾಡಿದ ಕೆಲಸ ಮಾತ್ರ ತಂತಿಯಷ್ಟೂ ಬೇರೆಯಲ್ಲ. ಬ್ರಿಟಿಷ್ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಅಮೆರಿಕದ ಥಾಮಸ್ ನೇಗಲ್ 1976ರಲ್ಲಿ ಈ ಒಗಟನ್ನು ಎತ್ತಿಕೊಂಡು ಇದಕ್ಕೆ 'ನೈತಿಕ ಅದೃಷ್ಟ' ಅಂತ ಹೆಸರಿಟ್ಟರು. ಕೈಯಲ್ಲಿಲ್ಲದ ಫಲಿತಾಂಶಕ್ಕೆ ಮನುಷ್ಯನನ್ನು ಹೊಗಳೋದು, ಬೈಯೋದು ಸರಿಯೇ ಅನ್ನೋದು ಅವರ ಚರ್ಚೆ. ಅದು ಇನ್ನೂ ಮುಗಿದಿಲ್ಲ. ನನಗೆ ಅನ್ಸೋದು ಇಷ್ಟು: 'ಏನೂ ಆಗಿಲ್ಲ' ಅನ್ನುವಾಗ ನಾವು ನಮ್ಮ ಅದೃಷ್ಟವನ್ನು ಅನುಭವ ಅಂತ ಕರೀತಿದ್ದೀವಿ. ಹದಿನೈದು ವರ್ಷದ ಅನುಭವ ಅವನಿಗೆ ಕಲಿಸಿದ್ದು ಪಿನ್ ಬೇಡ ಅಂತ. ಆ ಹದಿನೈದು ವರ್ಷವೂ ಅವನ ಪಿನ್ನಿಗೆ ಕೆಲಸವೇ ಬಂದಿರಲಿಲ್ಲ, ಅಷ್ಟೇ.

'ಮುನ್ನೂರು ಜನರ ಸಂತೋಷ.' ಲೆಕ್ಕ ಹಾಕಿದರೆ ಇದೂ ಸರಿಯಾಗೇ ಕಾಣುತ್ತೆ. ಅಪಾಯ ಲಕ್ಷಕ್ಕೊಂದು, ಸಂತೋಷ ಮುನ್ನೂರಕ್ಕೆ ಮುನ್ನೂರು. ಆದರೆ ಸಂತೋಷ ಹಂಚಿಹೋಗೋದು ಮುನ್ನೂರು ಜನಕ್ಕೆ, ಅಪಾಯ ಹಂಚಿಹೋಗೋದಿಲ್ಲ. ಅದು ಇಡಿಯಾಗಿ ಒಬ್ಬರ ಕೈಗೆ ಬರುತ್ತೆ. ಮೈಕು ಹಿಡಿದವರ ಕೈಗೆ, ಅಥವಾ ರಾತ್ರಿ ಒಂದು ಗಂಟೆಗೆ ಬೆವರಿದ ಕೈಯಲ್ಲಿ ಸಾಮಾನು ಬಿಚ್ಚುವ ಹುಡುಗನ ಕೈಗೆ. ಅವನನ್ನು ಯಾರೂ ಕೇಳಿರೋದಿಲ್ಲ. ಪ್ಲಗ್ಗಿನಲ್ಲಿ ಪಿನ್ ಇಲ್ಲ ಅಂತ ಅವನಿಗೆ ಗೊತ್ತಿರೋದೂ ಇಲ್ಲ. ಗೊತ್ತಿದ್ದು ಅಪಾಯ ತಗೊಳ್ಳೋದು ಧೈರ್ಯ ಇರಬಹುದು. ಇನ್ನೊಬ್ಬರಿಗೆ ಗೊತ್ತಿಲ್ಲದೆ ಅವರ ಪರವಾಗಿ ಅಪಾಯ ತಗೊಳ್ಳೋದಕ್ಕೆ ಕನ್ನಡದಲ್ಲಿ ಒಳ್ಳೆಯ ಪದ ಯಾವುದೂ ನನಗೆ ಹೊಳೀತಿಲ್ಲ.

ಇನ್ನೊಂದು ವಿಷಯ ಇದೆ. ಮುರಿದ ಪಿನ್ನು ಮತ್ತೆ ಬೆಳೆಯೋದಿಲ್ಲ. 'ಇವತ್ತೊಂದು ರಾತ್ರಿಗೆ' ಅಂತ ಮುರಿದ ಪ್ಲಗ್ಗು ನಾಳೆ ಇನ್ನೊಂದು ಹಾಲಿಗೆ ಹೋಗುತ್ತೆ. ಮುಂದಿನ ವರ್ಷ ಆ ಕನ್ಸೋಲು ಸೆಕೆಂಡ್ ಹ್ಯಾಂಡ್ ಆಗಿ ಯಾವುದೋ ತಾಲೂಕಿನ ಸೌಂಡ್ ಸರ್ವಿಸ್ಸಿಗೆ, ಅಲ್ಲಿಂದ ಗಣೇಶನ ಹಬ್ಬದ ಪೆಂಡಾಲಿಗೆ ಹೋಗಬಹುದು. ಭಾದ್ರಪದದ ಮಳೆ, ಒದ್ದೆ ನೆಲ, ಬಾಡಿಗೆ ಜನರೇಟರು, ಬರಿಗಾಲಿನಲ್ಲಿ ಮೈಕ್ ಟೆಸ್ಟ್ ಮಾಡುವ ಹೈಸ್ಕೂಲು ಹುಡುಗ. ಪಿನ್ ಮುರಿದವನು ಆಗ ಅಲ್ಲಿ ಇರೋದಿಲ್ಲ. ನಮ್ಮ ಕೋಡಿನಲ್ಲಾದರೂ 'ಇದು ತಾತ್ಕಾಲಿಕ, ಆಮೇಲೆ ಸರಿಮಾಡಿ' ಅಂತ ಒಂದು ಕಾಮೆಂಟ್ ಬರೆದು ಹೋಗ್ತೀವಿ. ಪ್ಲಗ್ಗಿನಲ್ಲಿ ಅದಕ್ಕೂ ಜಾಗ ಇಲ್ಲ.

ಇನ್ನು ಮೂರನೆಯದು, ಇಲ್ಲದ ಅರ್ಥ್‌ಗೆ ಪಿನ್ ಯಾಕೆ? ಇದಕ್ಕೆ ಉತ್ತರ ಕೊಟ್ಟಿದ್ದು ಆ ಎಲೆಕ್ಟ್ರಿಷಿಯನ್ನೇ. ಸ್ಟೇಜಿನಲ್ಲಿ ಬಲ್ಬು ಉರಿಯದಿದ್ದಾಗ ಅವನ ಮುಖ ಬದಲಾಯಿತು. 'ಎರಡು ನಿಮಿಷ ತಡೀರಿ' ಅಂತ ಮೇನ್ ಆಫ್ ಮಾಡಿ, ಸ್ಟೇಜಿನ ಸ್ವಿಚ್‌ಬೋರ್ಡ್ ಬಿಚ್ಚಿದ. ಒಳಗೆ ಹಸಿರು ತಂತಿ ಸ್ಕ್ರೂ ಬಿಟ್ಟು ಗಾಳಿಯಲ್ಲಿ ನಿಂತಿತ್ತು. ಯಾವತ್ತೋ ಪೇಂಟಿಂಗ್ ಮಾಡುವಾಗಲೋ ಸಾಕೆಟ್ ಬದಲಾಯಿಸುವಾಗಲೋ ಬಿಟ್ಟಿದ್ದು, ಯಾರೂ ನೋಡಿರಲಿಲ್ಲ. ಸುಲಿದು, ಉಜ್ಜಿ, ಸ್ಕ್ರೂ ಬಿಗಿದ. ಮತ್ತೆ ಬಲ್ಬು ಹಿಡಿದರೆ ಝಗ್. ಹ್ಮ್ ಮುಕ್ಕಾಲು ಪಾಲು ಇಳಿದುಹೋಯಿತು. ಕಾಲು ಪಾಲು ಉಳಿದಿದ್ದಕ್ಕೆ ಕಾರಣ ಬೇರೆ. ಈಗ ಎರಡು ಕಡೆ ಅರ್ಥ್ ಆಗಿ, ಎರಡನ್ನೂ ಹಾಡಿನ ಕೇಬಲ್ಲು ಜೋಡಿಸಿ ಒಂದು ದೊಡ್ಡ ಬಳೆಯಂತಾಗಿತ್ತು. ಗ್ರೌಂಡ್ ಲೂಪ್ ಅಂತಾರಲ್ಲ, ಅದು. ಗೆಳೆಯ ಸ್ಟೇಜಿನಲ್ಲಿ ಕೇಬಲ್ಲಿನ ನಡುವೆ ಒಂದು ಐಸೊಲೇಷನ್ ಡಬ್ಬಿ ಹಾಕಿದ. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರು. ಹಾಡು ಕಾಂತಕ್ಷೇತ್ರದ ಮೂಲಕ ಈ ಸುರುಳಿಯಿಂದ ಆ ಸುರುಳಿಗೆ ದಾಟುತ್ತೆ, ತಂತಿಗೆ ತಂತಿ ಮುಟ್ಟೋದಿಲ್ಲ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವ. ಅಲ್ಲಿಂದ ಕನ್ಸೋಲಿಗೆ ನಮ್ಮದೇ ಎಕ್ಸ್‌ಎಲ್‌ಆರ್ ಕೇಬಲ್ಲು. ಲೂಪ್ ಕತ್ತರಿಸಿದ್ದು ಹಾಡಿನ ದಾರಿಯಲ್ಲಿ, ಎರಡೂ ಕಡೆ ಮೂರನೇ ಪಿನ್ ತಮ್ಮ ಜಾಗದಲ್ಲೇ ಇದ್ದವು. ಸದ್ದು ಪೂರ್ತಿ ನಿಂತಿತು. ಏಳು ಗಂಟೆ ಹತ್ತು ನಿಮಿಷ.

ಅಲ್ಲಿಗೆ ಹ್ಮ್ ನಮಗೆ ಹೇಳುತ್ತಿದ್ದಿದ್ದು ಏನು ಅಂತ ಗೊತ್ತಾಯಿತಲ್ಲ. 'ಸ್ಟೇಜಿನಲ್ಲಿ ಅರ್ಥ್ ಇಲ್ಲ' ಅಂತ. ಆ ಕಟ್ಟಡದಲ್ಲಿ ಈ ಸತ್ಯವನ್ನು ಬಾಯಿಬಿಟ್ಟು ಹೇಳುತ್ತಿದ್ದಿದ್ದು ಅದೊಂದೇ, ಎಲ್ಲರೂ ಸೇರಿ ಅದರ ಬಾಯಿ ಮುಚ್ಚಿಸೋಕೆ ಹೊರಟಿದ್ದರು. ವ್ಯವಸ್ಥೆ ಟೊಳ್ಳು ಅನ್ನೋದು ಪಿನ್ ಮುರಿಯೋಕೆ ಕಾರಣ ಆಗೋ ಬದಲು ಸ್ವಿಚ್‌ಬೋರ್ಡ್ ಬಿಚ್ಚೋಕೆ ಕಾರಣ ಆಗಬಹುದಿತ್ತು. ಆಯಿತು ಕೂಡ. ಅದೇ ಮನುಷ್ಯ, ಅದೇ ಪ್ಲೇಯರು. ನಡುವೆ ಬಂದಿದ್ದು 'ನೋಡೇಬಿಡೋಣ' ಅನ್ನೋ ಒಂದು ಮಾತು.

ಆಫೀಸಿನಲ್ಲಿ ನಾವೂ ಇದನ್ನೇ ಎದುರಿಸುತ್ತೀವಿ. ರಾತ್ರಿ ಎರಡು ಗಂಟೆಗೆ ಪದೇ ಪದೇ ಬರುವ ಅಲರ್ಟನ್ನು ಮ್ಯೂಟ್ ಮಾಡೋದೂ, ಅದರ ಕಾರಣ ಹುಡುಕಿ ಸರಿಮಾಡೋದೂ ಡ್ಯಾಶ್‌ಬೋರ್ಡಿನಲ್ಲಿ ಒಂದೇ ಹಸಿರು ಬಣ್ಣ. ಮೀಟಿಂಗಿನಲ್ಲಿ ಯಾವಾಗಲೂ ಕೊಂಕು ತೆಗೆಯುವ ಒಬ್ಬ ಇರ್ತಾನಲ್ಲ, ಅವನನ್ನು ಕರೆಯೋದು ಬಿಟ್ಟರೆ ಮೀಟಿಂಗ್ ಸಲೀಸು. ಅಪ್ರೈಸಲ್ಲಿನಲ್ಲಿ 'ಈ ವರ್ಷ ನೀನೇನು ಮಾಡಿದೆ' ಅಂತ ಕೇಳಿದರೆ 'ಏನೂ ಆಗದ ಹಾಗೆ ನೋಡಿಕೊಂಡೆ' ಅನ್ನೋದಕ್ಕೆ ರೇಟಿಂಗ್ ಇಲ್ಲ. ಮೂರನೇ ಪಿನ್ನಿಗೆ ಅಪ್ರೈಸಲ್ ಮಾಡಿದ್ದರೆ ಮೊದಲ ಸುತ್ತಿನಲ್ಲೇ ಮನೆಗೆ ಹೋಗ್ತಿತ್ತು.

ಮೊದಲ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ತುಂಬಾ ಸರಳ. ಕೇಳುವವರಿಗೆ ವ್ಯತ್ಯಾಸ ಗೊತ್ತಾಗದ ಕಡೆ ಮಾಡುವವನೊಬ್ಬನಿಗೇ ಅದು ಗೊತ್ತಿರುತ್ತೆ. ಹಾಗಾಗಿ ಅಲ್ಲಿ ಕಾವಲು ಅವನೊಬ್ಬನೇ. ನೋಡುವವರು ಇದ್ದಾಗ ಸರಿಯಾಗಿ ಮಾಡೋಕೆ ನೋಡುವವರೇ ಸಾಕು, ಅಲ್ಲಿ ನಮ್ಮ ಒಳ್ಳೆಯತನದ ಅಗತ್ಯವೇ ಬೀಳೋದಿಲ್ಲ. ಆದರೆ ಈ ಉತ್ತರ ಇಲ್ಲಿಗೇ ನಿಲ್ಲಿಸಿದರೆ ಎಲ್ಲ ಭಾರವನ್ನೂ ದಿನಗೂಲಿಯ ಎಲೆಕ್ಟ್ರಿಷಿಯನ್ ತಲೆ ಮೇಲೆ ಹಾಕಿದ ಹಾಗಾಗುತ್ತೆ. ಅದು ನ್ಯಾಯ ಅಲ್ಲ. ಅವನ ಕೈಗೆ ಪ್ಲೇಯರ್ ಕೊಟ್ಟವರು ಯಾರು?

ಅವತ್ತು ಹತ್ತು ನಿಮಿಷ ತಡವಾಗಿದ್ದಕ್ಕೆ ಮ್ಯಾನೇಜರ್ ಗೆಳೆಯನ ದುಡ್ಡಿನಲ್ಲಿ ಸಾವಿರ ರೂಪಾಯಿ ಹಿಡಿದುಕೊಂಡ. ಬಂದ ಅತಿಥಿಗಳಲ್ಲಿ ಕೆಲವರು ಖಾಲಿ ಡ್ಯಾನ್ಸ್ ಫ್ಲೋರ್ ನೋಡಿ ಸಿಳ್ಳೆ ಹೊಡೆದರು, 'ಡಿಜೆ ಮಲಗಿದ್ದಾನಾ' ಅಂತ ಕೂಗಿದರು. ಎಲ್ಲಾ ನಮ್ಮ ನಿಮ್ಮ ಥರದವರೇ, ಐಡಿ ಕಾರ್ಡ್ ಈಗಷ್ಟೇ ಬ್ಯಾಗಿಗೆ ಹಾಕಿಕೊಂಡು ಬಂದವರು. ಪಿನ್ ಮುರಿಯುವ ಕೈ ಎಲೆಕ್ಟ್ರಿಷಿಯನ್ನನದೇ ಇರಬಹುದು, ಆದರೆ ಅವಸರ ನಮ್ಮದು. ಹತ್ತು ನಿಮಿಷದಲ್ಲಿ ಊಟ ಬರದಿದ್ದರೆ ಒಂದು ಸ್ಟಾರ್ ಕೊಡುವ, ಹಾಡು ತಡವಾದರೆ ಸಿಳ್ಳೆ ಹೊಡೆಯುವ ನಾವು ಎಲ್ಲ ಕಡೆಯೂ ಹತ್ತು ಸೆಕೆಂಡಿನ ದಾರಿಗೇ ದುಡ್ಡು ಕೊಡ್ತಾ ಬಂದಿದ್ದೀವಿ.

ಹಾಗಾಗಿ ಒಂದು ಕೇಳಿಕೆ. ಮುಂದಿನ ಸಲ ಫಂಕ್ಷನ್ನಿನಲ್ಲಿ ಹಾಡು ತಡವಾಗಿ, ಯಾರೋ ಇಬ್ಬರು ಸ್ಟೇಜ್ ಮೇಲೆ ಮೊಣಕಾಲೂರಿ ತಂತಿಗಳ ನಡುವೆ ತಡಕಾಡುತ್ತಿದ್ದರೆ, ಸಿಳ್ಳೆ ಹೊಡೆಯಬೇಡಿ. ನೀವೇ ಹಣ ಕೊಡುವವರಾದರೆ ಸೌಂಡಿನವರನ್ನು ಎರಡು ಗಂಟೆ ಮುಂಚೆ ಒಳಗೆ ಬಿಡಿಸಿ, 'ಸ್ಟೇಜಿನಲ್ಲಿ ಅರ್ಥ್ ಇದೆಯಾ' ಅಂತ ಹಾಲಿನವರನ್ನು ಒಂದು ಮಾತು ಕೇಳಿ. ಕೇಳೋಕೆ ಖರ್ಚಿಲ್ಲ. ಹಾಗೇ ಇವತ್ತು ಮನೆಗೆ ಹೋದಾಗ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗೊಮ್ಮೆ ತೆಗೆದು ಎಣಿಸಿ ನೋಡಿ. ಮೂರು ಇರಬೇಕು.